ನಿಮಿಷಕ್ಕೆ ಇಷ್ಟು

ಪ್ರಾಕ್ಟಿಕಲ್ ಪರೀಕ್ಷೆಯ ದಿನ
ಹೊನ್ನಾಳಿಯಿಂದ ಬಂದಿದ್ದ ಪರೀಕ್ಷಕರು
ಶ್ರುತಿಕವೆಯನ್ನು ರಬ್ಬರಿಗೆ ಬಡಿದು, ಕಿವಿಗೆ ಹಿಡಿದು
ಕೇಳಿದರು: ದರಕ್ಕೂ ಆವರ್ತನಕ್ಕೂ ಏನಮ್ಮ ವ್ಯತ್ಯಾಸ?
ಎರಡೂ ಸೆಕೆಂಡಿಗೆ ಇಷ್ಟು ಅಂತಲೇ ತಾನೆ?

ದರ ಅಂದ್ರೆ ಎಪಿಎಂಸಿ ಬೋರ್ಡಲ್ಲಿ ಬರೆಯೋದು ಅಂತ
ಹಿಂದೆ ನಿಂತ ಗುತ್ಯಪ್ಪ ಪಿಸುಗುಟ್ಟಿದ.
ನಕ್ಕುಬಿಟ್ಟೆ.
ಎರಡು ಅಂಕ ಹೋಯಿತು.

ಆಗ ನಮ್ಮ ಮನೆ ಸಾಗರದ ಬಿ.ಎಚ್. ರಸ್ತೆಯಲ್ಲಿ
ಸಾಮಿಲ್ಲಿನ ಬೆನ್ನಿಗೆ ಅಂಟಿಕೊಂಡಿತ್ತು. ಗೋಡೆ ಒಂದೇ:
ಆಚೆ ಪಟ್ಟಿ ಗರಗಸ, ಈಚೆ ನಮ್ಮ ಪಾತ್ರೆ ಕಪಾಟು.
ಮೂವತ್ತು ಲೋಟಗಳಲ್ಲಿ ಒಂದೇ ಒಂದು ಲೋಟ
ಗರಗಸ ಎದ್ದ ಕೂಡಲೇ ತಾನೂ ಗುಂಯ್ ಎನ್ನುತ್ತಿತ್ತು.
ಉಳಿದವಕ್ಕೆ ಕಿವಿಯೇ ಇರಲಿಲ್ಲ.
ಅಮ್ಮ ಅದರ ಬಾಯಿಗೆ ಬಟ್ಟೆ ತುರುಕಿಟ್ಟಿದ್ದಳು.

ದಸ್ತಗೀರ್ ಸಾಬರು ದಿಮ್ಮಿಯನ್ನು ಟ್ರಾಲಿಗೆ ಬಿಗಿದು
ಅರ್ಧ ಕಣ್ಣು ಮುಚ್ಚಿ ನೂಕುವವರು.
ಹಲಸಾದರೆ ಸರಾಗ. ಮತ್ತಿ ಬಂತೋ
ಗರಗಸದ ದನಿ ಜಾರಿ ಹೊಟ್ಟೆಯೊಳಗಿಂದ ಬರುತ್ತಿತ್ತು;
ಕೂಡಲೇ ಅವರ ಕೈ ತಡೆಯುತ್ತಿತ್ತು,
ದನಿ ಮತ್ತೆ ತನ್ನ ಜಾಗಕ್ಕೆ ಏರುವ ತನಕ.

ಕಳೆದ ಎರಡು ಅಂಕದ ಕತೆ ಹೇಳಿದಾಗ
ಹೊಟ್ಟು ಕೊಡವಿಕೊಂಡು ಅಂದರು:
"ಹಲ್ಲು ಓಡೋದು ಹಲ್ಲಿನ ಕೆಲಸ, ಮಾರಾಯ್ತಿ.
ಸುತ್ತಿ ಸುತ್ತಿ ಅಲ್ಲಿಗೇ ಬರತ್ತೆ.
ಮರ ಹೋಗೋದು ನನ್ನ ಕೆಲಸ.
ಹೋದ ಮರ ವಾಪಸ್ ಬರಲ್ಲ.
ನಾನು ಅವಸರ ಮಾಡಿದ್ರೆ ಅದು ಅಳತ್ತೆ, ಅಷ್ಟೇ."

ಅದನ್ನೇ ಕೊಂಚ ಇಸ್ತ್ರಿ ಮಾಡಿ
ಇಪ್ಪತ್ತು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ.
ಮಿಲ್ಲು ಮುಚ್ಚಿದ ದಿನ ಅವರು ಕೊಟ್ಟ ಸಾಗುವಾನಿಯ ಬಿಲ್ಲೆ
ನಮ್ಮ ಲ್ಯಾಬಿನ ಮೇಜಿನ ಮೇಲಿದೆ, ನಲವತ್ತೆಂಟು ಉಂಗುರ.
ಎಣಿಸಿ ಮಕ್ಕಳೇ: ವರ್ಷಕ್ಕೊಂದು. ಮರ ಹಾಜರಿ ತಪ್ಪಿಸುವುದಿಲ್ಲ.
ಇದು ಆವರ್ತನ.
ಈಗ ಸ್ಕೇಲು ತೆಗೆದುಕೊಳ್ಳಿ.
ಹನ್ನೊಂದನೆಯದು ಬೆರಳಗಲ,
ಇಪ್ಪತ್ತಮೂರನೆಯದು ಕೂದಲೆಳೆ.
ಇದು ದರ.

ಇಪ್ಪತ್ತಮೂರರಲ್ಲಿ ಏನಾಗಿತ್ತು ಮೇಡಂ?
ಪ್ರತಿ ಬ್ಯಾಚಿನಲ್ಲೂ ಒಬ್ಬರು ಕೇಳುತ್ತಾರೆ
(ವರ್ಷಕ್ಕೊಮ್ಮೆ; ಇದೂ ಆವರ್ತನವೇ).
ಗೊತ್ತಿಲ್ಲ ಕಣೋ. ಮರ ಎಷ್ಟು ಅಂತ ಬರೆಯುತ್ತದೆ,
ಯಾಕೆ ಅಂತ ಬರೆಯುವುದಿಲ್ಲ.

ಭಾನುವಾರ ಸಾಬರ ಮನೆಗೆ ಹೋಗಿದ್ದೆ.
ಟೀ ತಂದುಕೊಟ್ಟರು, ತಾವೇ. ಯಾರಿಗೂ ಹಿಡಿಯಲು ಬಿಡಲಿಲ್ಲ.
ಬಲಗೈಯಲ್ಲಿ ಸಾಸರಿನ ಮೇಲೆ ಕಪ್ಪು
ಕಟಕಟಕಟ ಕಟಕಟಕಟ.
ಹಾಳು ಅಭ್ಯಾಸ, ನನ್ನ ಕಣ್ಣು ಗಡಿಯಾರಕ್ಕೆ ಹೋಯಿತು.
ಹತ್ತು ಸೆಕೆಂಡಿಗೆ ಐವತ್ತು.

"ಎಷ್ಟು ಬಂತು?" ಕಂಡುಹಿಡಿದುಬಿಟ್ಟಿದ್ದರು.
ಸೆಕೆಂಡಿಗೆ ಐದು, ಅಂದೆ.
"ಹೋದ ವರ್ಷ?"
ಆಗಲೂ ಐದೇ.
"ಹಂಗಾದ್ರೆ ಜಾಸ್ತಿಯಾಗಿಲ್ಲ!" ಎಂದು
ಒಳಗೆ ಬೇಬಿಜಾನ್‌ಗೆ ಕೇಳುವಂತೆ ಕೂಗಿ ನಕ್ಕರು.

ಹೋದ ವರ್ಷ ಹೆಬ್ಬೆರಳೊಂದೇ ಇತ್ತು.
ಯುಗಾದಿಯ ಹೊತ್ತಿಗೆ ಮಣಿಕಟ್ಟು.
ಈಗ ಮೊಣಕೈ, ಮೊನ್ನೆಯಿಂದ ಗದ್ದ.
ವ್ಯತ್ಯಾಸ ಗೊತ್ತಿತ್ತು.
ಇವತ್ತು ಯಾರಾದರೂ ಕೇಳಿದ್ದರೆ
ಎರಡಕ್ಕೆ ಎರಡೂ ಅಂಕ ಸಿಗುತ್ತಿತ್ತು.

ಹೌದು ಸಾಬರೇ, ಅಂದೆ. ಐದೇ.
ಕರವಸ್ತ್ರ ತೆಗೆದು ನಾಲ್ಕು ಮಡಿಕೆ ಮಾಡಿ
ಕಪ್ಪಿಗೂ ಸಾಸರಿಗೂ ನಡುವೆ ಇಟ್ಟೆ.